ಸೋಮವಾರದ ವಾದ್ಯವೃಂದ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರವೂ ಅದರೊಡನೆ ಕಳಿಸಿದ ಸ್ಕೋರೂ, ಎಂದರೆ ಎಲ್ಲ ವಾದ್ಯಗಳ ಸ್ವರಲಿಪಿಯನ್ನು ಒಟ್ಟಿಗೆ ಬರೆದ ಹಾಳೆಗಳೂ, ತಲುಪಿದವು. ಹಿರಿಯ ಸಂಯೋಜಕರೊಬ್ಬರ ಬಳಿ ಸ್ವರಲಿಪಿ ನಕಲು ಮಾಡಿ ಸಾಕಾಗಿದೆ, ಇನ್ನು ರೆಕಾರ್ಡ್ ಕಂಪನಿಗಳನ್ನು ಕಾಣುತ್ತೇನೆ ಎಂದು ಬರೆದಿದ್ದೀಯೆ. ಆ ಕೆಲಸ ಬಿಡುವ ಮುನ್ನ ಅಮೆರಿಕದ ಜಾಝ್ ಸಂಯೋಜಕಿ ಮರಿಯಾ ಶ್ನೈಡರ್ ಅವರು ನಡೆದು ಬಂದ ದಾರಿಯನ್ನು ಒಮ್ಮೆ ನಿಧಾನವಾಗಿ ನೋಡು.

ಮಿನ್ನೆಸೋಟದ ವಿಂಡಮ್ ಎಂಬ ಸಣ್ಣ ಊರಿನಲ್ಲಿ 1960ರಲ್ಲಿ ಹುಟ್ಟಿದ ಅವರು ಈಸ್ಟ್‌ಮನ್ ಸಂಗೀತ ಶಾಲೆಯ ಓದು ಮುಗಿಸಿ 1985ರಲ್ಲಿ ನ್ಯೂಯಾರ್ಕಿಗೆ ಬಂದಾಗ ಮಾಡಿದ್ದೂ ನಕಲಿನ ಕೆಲಸವನ್ನೇ. ಜಾಝ್ ಸಂಯೋಜಕ ಬಾಬ್ ಬ್ರೂಕ್‌ಮೆಯರ್ ಅವರಲ್ಲಿ ಪಾಠ ಹೇಳಿಸಿಕೊಳ್ಳುತ್ತ, ಇನ್ನೊಬ್ಬ ಹಿರಿಯ ಜಾಝ್ ಸಂಯೋಜಕ ಗಿಲ್ ಎವಾನ್ಸ್ ಅವರ ಕೊನೆಯ ವರ್ಷಗಳಲ್ಲಿ ಅವರಿಗೆ ಸಹಾಯಕಿಯಾಗಿ ದುಡಿದರು. ಬಾಸ್ ಕ್ಲಾರಿನೆಟ್, ಫ್ರೆಂಚ್ ಹಾರ್ನ್, ಕೊಳಲುಗಳನ್ನು ಎವಾನ್ಸ್ ಹೇಗೆ ಒಂದರೊಳಗೊಂದು ಕರಗಿಸುತ್ತಿದ್ದರೆಂಬುದು ಹತ್ತು ಸಲ ಕೇಳಿದರೂ ಹಿಡಿತಕ್ಕೆ ಸಿಗದಿರಬಹುದು. ಸಾಲು ಸಾಲಾಗಿ ಕೈಯಲ್ಲಿ ಬರೆದವರಿಗೆ ಸಿಗುತ್ತದೆ. ನಾನೂ ಒಮ್ಮೆ ಆಲ್ಟೊ ಸ್ಯಾಕ್ಸೊಫೋನಿನ ಹಾಳೆಯನ್ನು ಶ್ರುತಿ ಬದಲಿಸದೆ ಬರೆದುಕೊಟ್ಟಿದ್ದೆ. ಆ ವಾದ್ಯಕ್ಕೆ ಸಿ ಎಂಬ ಸ್ವರವನ್ನು ಬರೆದರೆ ಕೇಳಿಸುವುದು ಇ-ಫ್ಲಾಟ್ ಎಂಬ ಬೇರೆ ಸ್ವರ. ಅಭ್ಯಾಸದ ಒಂದಿಡೀ ಗಂಟೆ ಅದನ್ನು ತಿದ್ದುವುದರಲ್ಲೇ ಕಳೆಯಿತು. ಆಮೇಲೆ ಆ ತಪ್ಪನ್ನು ನಾನು ಎಂದೂ ಮಾಡಲಿಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. 1993ರಿಂದ 1998ರವರೆಗೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ವಿಸಿಯೋನೆಸ್ ಎಂಬ ಕ್ಲಬ್ಬಿನಲ್ಲಿ ಶ್ನೈಡರ್ ಅವರ ವಾದ್ಯವೃಂದ ಸೋಮವಾರಗಳಂದು ನುಡಿಸುತ್ತಿತ್ತು. ಹದಿನೇಳು ಹದಿನೆಂಟು ಜನ ವಾದಕರನ್ನು ವಾರವಾರವೂ ಒಂದು ಸಣ್ಣ ವೇದಿಕೆಗೆ ಕೂಡಿಸುವುದು ಲಾಭದ ಲೆಕ್ಕ ಹಾಕುವವರು ಕೈಹಾಕುವ ಕೆಲಸವಲ್ಲ. ಆದರೂ ತಾನು ಬರೆದದ್ದನ್ನು ಮುಂದಿನ ವಾರವೇ ಕೇಳಿ, ಯಾವ ವಾದಕನ ಉಸಿರು ಎಲ್ಲಿ ಬಿಗಿಯುತ್ತದೆ, ಯಾರಿಗೆ ಎಷ್ಟು ಮನೋಧರ್ಮದ ಅವಕಾಶ ಬಿಟ್ಟರೆ ಕೃತಿ ಅರಳುತ್ತದೆ ಎಂದು ಅರಿತು, ಮತ್ತೆ ತಿದ್ದಿ ಬರೆಯುವ ಭಾಗ್ಯ ಬೇರೆಲ್ಲಿ ಸಿಕ್ಕೀತು? ನಿನಗೆ ಹದಿನೇಳು ಜನ ಬೇಡ, ಐದು ಜನರಿದ್ದರೆ ಸಾಕು. ಆದರೆ ದಿನವನ್ನು ಗೊತ್ತು ಮಾಡಿ, ಅದನ್ನು ತಪ್ಪಿಸಬೇಡ.

ಕಂಪನಿಗಳ ವಿಷಯಕ್ಕೆ ಬಂದರೆ, 2004ರ ಆಲ್ಬಮ್ಮನ್ನು ಶ್ನೈಡರ್ ಅವರು ಆರ್ಟಿಸ್ಟ್‌ಶೇರ್ ಎಂಬ ಜಾಲತಾಣದ ಮೂಲಕ ಕೇಳುಗರ ಹಣದಿಂದಲೇ ಮಾಡಿ, ಅಂತರ್ಜಾಲದಲ್ಲಷ್ಟೇ ಮಾರಿದರು. ಅಂಗಡಿಗೆ ಬಾರದ ಆ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ಹಕ್ಕುಪತ್ರಕ್ಕೆ ಸಹಿ ಹಾಕುವ ಮುನ್ನ ನನಗೊಂದು ಮಾತು ತಿಳಿಸು.

ಜಾಝ್‌ನವಳೆಂಬ ಹಣೆಪಟ್ಟಿ ಮುಂದೆ ಅಡ್ಡಿಯಾದೀತೆಂದು ಅಂಜಿದ್ದೀಯೆ. ಸೊಪ್ರಾನೊ ಗಾಯಕಿ ಡಾನ್ ಅಪ್‌ಶಾ ಅವರಿಗಾಗಿ ಕವಿತೆಗಳಿಗೆ ಸ್ವರ ಹಾಕಿದಾಗ ಶ್ನೈಡರ್ ಚೇಂಬರ್ ಆರ್ಕೆಸ್ಟ್ರಾದ, ಎಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚಿಕ್ಕ ವಾದ್ಯವೃಂದದ, ಜೊತೆಗೆ ತಮ್ಮ ವೃಂದದ ಮೂವರು ವಾದಕರನ್ನೂ ಕೂರಿಸಿದರು. ಆ ಕೃತಿಗೆ ಶಾಸ್ತ್ರೀಯ ವಿಭಾಗದಲ್ಲೇ ಗ್ರ್ಯಾಮಿ ದೊರೆಯಿತು. 2014ರಲ್ಲಿ ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿ ಅವರ ಜೊತೆ ಒಂದು ಹಾಡು ಮಾಡಿದ ಶ್ನೈಡರ್, ಬೋವಿಯವರ ಮುಂದಿನ ಕೆಲಸಕ್ಕೆ ತಮ್ಮ ವೃಂದದ ಸ್ಯಾಕ್ಸೊಫೋನ್ ವಾದಕ ಡೊನಿ ಮೆಕ್ಯಾಸ್ಲಿನ್ ಅವರ ತಂಡವನ್ನು ಸೂಚಿಸಿದರು. ಅಂಥ ಅವಕಾಶವನ್ನು ಇನ್ನೊಬ್ಬರ ಕೈಗೆ ದಾಟಿಸುವ ದೊಡ್ಡತನ ನನಗಂತೂ ಗ್ರ್ಯಾಮಿಗಳಿಗಿಂತ ಹೆಚ್ಚು ಹಿಡಿಸಿತು.

ನಿನ್ನ ಸ್ಕೋರಿನ ಎರಡನೆಯ ಪುಟದಲ್ಲಿ ಟ್ರಂಬೋನುಗಳಿಗೆ ಉಸಿರೆಳೆಯಲು ಜಾಗವೇ ಇಲ್ಲ. ಅದನ್ನು ಸರಿಪಡಿಸಿ, ನುಡಿಸಿ ನೋಡಿದ ಮೇಲೆ ಮತ್ತೆ ಕಳಿಸು.

ನಿನ್ನ ದೊಡ್ಡಪ್ಪ