ಗೆಳೆಯನಿಗೊಂದು ಪತ್ರ: ಕಂಪ್ಯೂಟರ್ ಕಂಪನಿಯ ಕರೆಂಟ್ ವಕೀಲ

ಪ್ರೀತಿಯ ಗೆಳೆಯಾ,

ಹೋದ ಸಲ ಫೋನಿನಲ್ಲಿ ನೀನು ಕೇಳಿದ್ದೆ, "ಕಂಪ್ಯೂಟರ್ ಕಂಪನಿಯಲ್ಲಿ ಕರೆಂಟ್ ವಕೀಲನಿಗೆ ಏನಪ್ಪಾ ಕೆಲಸ? ಬಿಲ್ಲು ಜಾಸ್ತಿ ಬಂದ್ರೆ ಜಗಳಕ್ಕೆ ಹೋಗ್ತೀಯಾ?" ಅಂತ. ಆಗ ನಕ್ಕು ಸುಮ್ಮನಾದೆ. ಆಮೇಲೆ ಯೋಚಿಸಿದರೆ ನೀನು ಹೇಳಿದ್ದು ಅರ್ಧ ನಿಜ. ಜಗಳ ಇದೆ. ಆದರೆ ಅದು ಬಿಲ್ಲು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಶುರುವಾಗುತ್ತದೆ.

ನಮ್ಮ ಕಂಪನಿಯ ಡೇಟಾ ಸೆಂಟರ್, ಅಂದರೆ ಸಾವಿರಾರು ಕಂಪ್ಯೂಟರ್‌ಗಳನ್ನು ಹಗಲೂ ರಾತ್ರಿ ಓಡಿಸುವ ಕಟ್ಟಡ, ಎರಡು ಮೂರು ವರ್ಷದಲ್ಲಿ ಎದ್ದು ನಿಲ್ಲುತ್ತದೆ. ಅದಕ್ಕೆ ಕರೆಂಟ್ ತರುವ ಲೈನು, ಸಬ್‌ಸ್ಟೇಷನ್ನು ಅಷ್ಟು ಬೇಗ ಬರುವುದಿಲ್ಲ. ಅರ್ಜಿ ಹಾಕಿ ಸರದಿಯಲ್ಲಿ ನಿಲ್ಲಬೇಕು, ಠೇವಣಿ ಕಟ್ಟಬೇಕು, ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಆರ್ಡರ್ ಕೊಟ್ಟು ಕಾಯಬೇಕು. ಈ ಕಾಯುವ ವರ್ಷಗಳೇ ನನ್ನ ಕೆಲಸ. ಕೋರ್ಟು, ಕರಿಕೋಟು ಎಲ್ಲ ಅಪರೂಪ. ಕರೆಂಟ್ ದರ, ನಿಯಮ ನೋಡಿಕೊಳ್ಳುವ ಆಯೋಗದ ಮುಂದೆ ವಾದ ಮಾಡಲು ಹೊರಗಿನ ವಕೀಲರು ಇದ್ದಾರೆ. ನಾನು ಒಳಗೆ ಕೂತು ವಿದ್ಯುತ್ ಕಂಪನಿ ಜೊತೆಗಿನ ಒಪ್ಪಂದಗಳ ಅನುಬಂಧಗಳನ್ನು ಓದುತ್ತೇನೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ, 2024ರಲ್ಲಿ ಪ್ರಪಂಚದ ಒಟ್ಟು ಕರೆಂಟಿನಲ್ಲಿ ಡೇಟಾ ಸೆಂಟರ್‌ಗಳ ಪಾಲು ಸುಮಾರು ಶೇ. 1.5. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಆದರೆ ಇವು ಎಲ್ಲ ಕಡೆ ಹರಡಿಕೊಂಡಿಲ್ಲ, ಕೆಲವೇ ಕಡೆ ಗುಂಪು ಸೇರಿವೆ. ಐರ್ಲೆಂಡ್‌ನಲ್ಲಿ 2023ರಲ್ಲಿ ಅವು ಶೇ. 21ರಷ್ಟು ಬಳಸಿದವು. ಅಲ್ಲಿನ ಪಟ್ಟಣದ ಮನೆಗಳೆಲ್ಲ ಸೇರಿ ಬಳಸಿದ್ದು ಶೇ. 18.

ನನ್ನದೇ ಒಂದು ಎಡವಟ್ಟು ಹೇಳ್ತೀನಿ ಕೇಳು. ನಮ್ಮ ಎಂಜಿನಿಯರುಗಳಿಗೆ ಒಂದು ಚಾಳಿ. 60 ಮೆಗಾವ್ಯಾಟ್ ಸಾಕು ಅಂತ ಗೊತ್ತಿದ್ದರೂ, ಮುಂದೆ ಬೇಕಾದೀತು ಅಂತ 100 ಬರೆಯುತ್ತಾರೆ. ಒಂದು ಒಪ್ಪಂದದಲ್ಲಿ ಹಾಗೇ ಆಯಿತು. ಬಳಸಿದರೂ ಬಿಟ್ಟರೂ ಕೇಳಿದ್ದರ ಶೇ. 80ಕ್ಕೆ ದುಡ್ಡು ಕಟ್ಟಬೇಕು ಅಂತ ಷರತ್ತಿತ್ತು. ಇರಲಿ, ನಮ್ಮ ಬಳಕೆ ವರ್ಷ ವರ್ಷ ಮೆಲ್ಲಗೆ ಏರುವ ಪಟ್ಟಿ ಅನುಬಂಧದಲ್ಲಿದೆಯಲ್ಲ, ದುಡ್ಡೂ ಅದರಂತೆಯೇ ಅಂತ ನಾನು ನಿಶ್ಚಿಂತೆಯಾಗಿದ್ದೆ. ಹಣಕಾಸಿನ ಸಹೋದ್ಯೋಗಿಯೊಬ್ಬರು ಎಕ್ಸೆಲ್ ಹಾಳೆ ಹಿಡಿದುಕೊಂಡು ಬಂದರು. "ಮೊದಲ ವರ್ಷ ನಾವು ಬಳಸೋದು 20. ಕಟ್ಟೋದು ಮಾತ್ರ 80ಕ್ಕೆ, ಯಾಕೆ?" ಅಂದರು. ಅನುಬಂಧ ತೆಗೆದು ನೋಡಿದೆ. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಪದ: "ಮಾಹಿತಿಗಾಗಿ ಮಾತ್ರ ಕೊಟ್ಟಿದೆ." ಅಂದರೆ ದುಡ್ಡಿನ ಲೆಕ್ಕಕ್ಕೆ ಆ ಪಟ್ಟಿ ಬರುವುದೇ ಇಲ್ಲ. ಎರಡು ಕರಡು ಓದಿದ್ದೆ ಕಣೋ! ಕಣ್ಣಿಗೇ ಬಿದ್ದಿರಲಿಲ್ಲ. ಸಹಿ ಇನ್ನೂ ಆಗಿರಲಿಲ್ಲ, ಬಚಾವಾದೆ. ಆ ಮೂರು ಪದ ತೆಗೆಸಲು ಆರು ವಾರ ಹಿಡಿಯಿತು.

ಮೊದಮೊದಲು ಇಂಥ ಷರತ್ತು ಅಂದರೆ ವಿದ್ಯುತ್ ಕಂಪನಿಯವರ ಹಠ ಅಂದುಕೊಳ್ಳುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ನಾವು 100 ಕೇಳುತ್ತೇವೆ, ಅವರು 100ಕ್ಕೆ ಲೈನು ಎಳೆಯುತ್ತಾರೆ. ನಾವು ನಾಳೆ ಮನಸ್ಸು ಬದಲಿಸಿದರೆ ಆ ಖರ್ಚು ಯಾರ ತಲೆಗೆ? ಪಕ್ಕದ ಮನೆಯವರ ಬಿಲ್ಲಿಗೆ. ಅಮೆರಿಕದ ಒಹಾಯೋದಲ್ಲಿ ಆಯೋಗ 2025ರಲ್ಲಿ ಇದಕ್ಕೇ ಒಂದು ದರಪಟ್ಟಿ ಒಪ್ಪಿತು. ದೊಡ್ಡ ಹೊಸ ಡೇಟಾ ಸೆಂಟರ್‌ಗಳು ಕೇಳಿದ್ದರಲ್ಲಿ ಶೇ. 85ಕ್ಕೆ, 12 ವರ್ಷದವರೆಗೆ, ಬಳಸದಿದ್ದರೂ ಕಟ್ಟಬೇಕು. ನಮ್ಮ ಆಫೀಸಿನಲ್ಲಿ ಇದು ನ್ಯಾಯ ಅಂದರೆ ಎಲ್ಲರೂ ನನ್ನನ್ನೇ ಗುರಾಯಿಸುತ್ತಾರೆ.

ಇನ್ನೊಂದು ಪ್ರಸಂಗ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. 2024ರ ಜುಲೈ, ಅಮೆರಿಕದ ಉತ್ತರ ವರ್ಜೀನಿಯಾ. 230 ಕಿಲೋವೋಲ್ಟ್ ಲೈನಿನಲ್ಲಿ ಒಂದು ಸರ್ಜ್ ಅರೆಸ್ಟರ್ (ಸಿಡಿಲಿನಂಥ ಹೊಡೆತದಿಂದ ಲೈನು ಕಾಯುವ ಸಾಧನ) ಕೆಟ್ಟಿತು. ಲೈನು ತಾನಾಗಿ ಮತ್ತೆ ಮತ್ತೆ ಚಾಲೂ ಆಗಲು ನೋಡಿ, 82 ಸೆಕೆಂಡಿನಲ್ಲಿ ವೋಲ್ಟೇಜ್ ಆರು ಸಲ ಕುಸಿಯಿತು. ಅಲ್ಲಿನ ಎಷ್ಟೋ ಡೇಟಾ ಸೆಂಟರ್‌ಗಳ ಯುಪಿಎಸ್‌ಗೆ ಒಂದು ಲೆಕ್ಕ ಕಲಿಸಿಟ್ಟಿದ್ದರು: ನಿಮಿಷದೊಳಗೆ ಮೂರು ಸಲ ಕುಸಿದರೆ ಗ್ರಿಡ್ (ಹೊರಗಿನ ವಿದ್ಯುತ್ ಜಾಲ) ನಂಬಬೇಡ, ನಮ್ಮದೇ ಬದಲಿ ಕರೆಂಟಿಗೆ ಹೋಗು. ಅದರಂತೆ ಸುಮಾರು 1,500 ಮೆಗಾವ್ಯಾಟ್ ಬಳಕೆ ಒಮ್ಮೆಗೇ ಗ್ರಿಡ್‌ನಿಂದ ಮಾಯ! ಕರೆಂಟ್ ಸಾಲದೆ ಅಲ್ಲ, ಬಳಸುವವರೇ ದಿಢೀರನೆ ಹೋಗಿಬಿಟ್ಟದ್ದಕ್ಕೆ ಗ್ರಿಡ್‌ನವರು ಪರದಾಡಿದರು.

ನಮ್ಮವರನ್ನು ಕೇಳಿದರೆ, ಯಂತ್ರ ಸರಿಯಾಗೇ ಕೆಲಸ ಮಾಡಿದೆಯಲ್ಲ ಅನ್ನುತ್ತಾರೆ. ಗ್ರಿಡ್‌ನವರನ್ನು ಕೇಳಿದರೆ, ಇದೇ ದೊಡ್ಡ ಅಪಾಯ ಅನ್ನುತ್ತಾರೆ. ಇಬ್ಬರದೂ ಸರಿ. ಎಷ್ಟು ಮಿಲಿಸೆಕೆಂಡ್ ತಡೆದುಕೊಳ್ಳಬೇಕು, ಎಷ್ಟು ಕುಸಿತ ಎಣಿಸಬೇಕು, ವಾಪಸ್ ಬರಲು ಯಾರು ಹೂಂ ಅನ್ನಬೇಕು, ಇದನ್ನೆಲ್ಲ ಒಂದು ಪುಟಕ್ಕೆ ಇಳಿಸುವುದು ನನ್ನ ಪಾಲಿಗೆ ಬರುತ್ತದೆ. ಕಾನೂನು ಓದುವಾಗ ಮಿಲಿಸೆಕೆಂಡ್ ಬಗ್ಗೆ ಯಾರು ಹೇಳಿಕೊಟ್ಟಿದ್ದರು ಹೇಳು!

ನಾಳೆ ಬೆಳಿಗ್ಗೆ ಇನ್ನೊಂದು ಜಾಗದ ಮೀಟಿಂಗ್ ಇದೆ. ಅರ್ಜಿಯಲ್ಲಿ ಆಗಲೇ 150 ಮೆಗಾವ್ಯಾಟ್ ಅಂತ ಬರೆದು ಕಳಿಸಿದ್ದಾರೆ. ಯಾಕೆ 150 ಅಂತ ಕೇಳುವುದರಿಂದಲೇ ಶುರು ಮಾಡಬೇಕು. ಆಮೇಲೆ ಫೋನ್ ಮಾಡ್ತೀನಿ.

ನಿನ್ನ ಗೆಳೆಯ