ಮೊದಲು ಬಿಪಿಯನ್ನು ಸರಿಯಾಗಿ ಅಳೆಯೋಣ

ಮಾನ್ಯರೇ,

ಚಿಕಿತ್ಸೆಯ ಖರ್ಚು ಏರುತ್ತಿದೆ ಎಂಬ ಮಾತು ಬಂದಾಗಲೆಲ್ಲ ‘ಜೀವನಶೈಲಿ ಬದಲಿಸಿಕೊಳ್ಳಿ’ ಎಂಬ ಉಪದೇಶ ಬೆನ್ನಿಗೇ ಬರುತ್ತದೆ. ಏನನ್ನು, ಎಷ್ಟು, ಹೇಗೆ ಎಂದು ಬಿಡಿಸಿ ಹೇಳುವವರು ಕಡಿಮೆ. ಆ ಜಾಗವನ್ನು ಹತ್ತಾರು ಪರೀಕ್ಷೆಗಳ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳು ಹಿಡಿದುಕೊಂಡಿವೆ. ಸಂಸಾರವನ್ನು ಸಾಲಕ್ಕೆ ದೂಡುವ ಕಾಯಿಲೆಗಳಲ್ಲಿ ಪಾರ್ಶ್ವವಾಯು, ಹೃದಯಾಘಾತ, ಡಯಾಲಿಸಿಸ್‌ವರೆಗೆ ಹೋಗುವ ಕಿಡ್ನಿ ವೈಫಲ್ಯ ಮುಖ್ಯವಾದವು. ಮೂರರ ಹಿಂದೆಯೂ ಇರುವ ದೊಡ್ಡ ಕಾರಣಗಳಲ್ಲೊಂದು ಏರಿದ ರಕ್ತದೊತ್ತಡ. ಅದು ನೋಯುವುದಿಲ್ಲ, ಸುಸ್ತು ಮಾಡುವುದಿಲ್ಲ, ಅಳೆದಲ್ಲದೆ ಗೊತ್ತಾಗುವುದಿಲ್ಲ. ಅಳೆಯುವ ಕಡೆಯೂ ಅನೇಕ ಸಲ ತಪ್ಪಾಗಿಯೇ ಅಳೆಯುತ್ತೇವೆ.

ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದಗಳು ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕುವುದು ಬೇಡ. ತೋಳನ್ನು ಮೇಜಿನ ಮೇಲಿಟ್ಟು, ಸುತ್ತಿದ ಪಟ್ಟಿ ಹೃದಯದ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ತೋಳು ಹತ್ತು ಸೆಂಟಿಮೀಟರ್ ಕೆಳಗಿದ್ದರೂ ಅಂಕಿ ಏಳೆಂಟರಷ್ಟು ಹೆಚ್ಚು ಬರುತ್ತದೆ. ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಬಾರದು. ಅದರ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಯಂತ್ರ ಓಡುವಾಗ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು, ಎರಡನ್ನೂ ಬರೆದಿಡಿ.

ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸುವುದು ಪಟ್ಟಿಯ ಅಳತೆಯನ್ನು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಇದೆಯೆಂದು ತೋರಿಸುತ್ತದೆ, ಸಣಕಲು ತೋಳಿಗೆ ದೊಡ್ಡದನ್ನು ಕಟ್ಟಿದರೆ ಇರುವುದನ್ನು ಮುಚ್ಚಿಡುತ್ತದೆ. ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪಿನಿಂದ ಅಳೆದು, ಪಟ್ಟಿಯ ಮೇಲೆ ಮುದ್ರಿಸಿರುವ ಅಳತೆಯೊಂದಿಗೆ ಹೋಲಿಸಿಯೇ ಯಂತ್ರ ಕೊಳ್ಳಬೇಕು. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿನದೇ ನಂಬಿಕೆಗೆ ಅರ್ಹ. ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬಂದ ತೋಳಿನಲ್ಲೇ ಮುಂದೆಯೂ ಅಳೆಯಿರಿ. ಹೃದಯದ ಬಡಿತ ಏರುಪೇರಾಗಿರುವವರಿಗೆ ಸ್ವಯಂಚಾಲಿತ ಯಂತ್ರ ತಪ್ಪು ತೋರಿಸಬಹುದು. ಅವರು ವೈದ್ಯರ ಬಳಿ ತಾಳೆ ನೋಡಿಕೊಳ್ಳಬೇಕು.

ಒಂದೇ ಅಳತೆಯನ್ನು ನೋಡಿ ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ. ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಬೇಕು. ಕ್ಲಿನಿಕ್ಕಿನಲ್ಲಿ ನೋಡುವ 140/90ಕ್ಕೆ ಸರಿಸಮ ಅದು. 180/120 ದಾಟಿದ್ದು, ಜತೆಗೆ ಎದೆನೋವು, ಉಸಿರುಕಟ್ಟು, ತೊದಲು, ಕೈಕಾಲು ಬಲ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮಾತ್ರೆಯನ್ನು ರೋಗ ತಡೆಯ ವಿರೋಧಿಯೆಂದು ಕಾಣುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅಂಕಿ ಹತೋಟಿಗೆ ಬಂದ ಕೂಡಲೇ ‘ಗುಣವಾಯಿತು’ ಎಂದು ಮಾತ್ರೆ ಬಿಡುತ್ತಾರೆ. ಹತೋಟಿಗೆ ಬಂದದ್ದೇ ಮಾತ್ರೆಯಿಂದ. ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ನಂಥ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದು ಹೃದಯಕ್ಕೇ ಅಪಾಯ. ಇನ್ನೊಂದು ಕಡೆ, ಮೈಕೈ ನೋವಿಗೆಂದು ಕೇಳಿ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಿಪಿಯನ್ನು ಏರಿಸುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಇದನ್ನು ವೈದ್ಯರಿಗೆ ಹೇಳದೇ ಇರುವವರೇ ಹೆಚ್ಚು.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಸುಮಾರು ಒಂದು ಮಟ್ಟ ಟೀ ಚಮಚ. ಅಡುಗೆಯದು, ಮೇಲೆ ಉದುರಿಸಿದ್ದು, ಪೊಟ್ಟಣದ ತಿನಿಸಿನೊಳಗಿನದು ಎಲ್ಲ ಸೇರಿ ಇಷ್ಟು. ಪೊಟ್ಟಣದ ಮೇಲೆ ಸಾಮಾನ್ಯವಾಗಿ ಬರೆದಿರುವುದು ಸೋಡಿಯಂ ಲೆಕ್ಕ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಾಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ಆ ಅಂಕಿ 100 ಗ್ರಾಂಗೋ, ಇಡೀ ಪೊಟ್ಟಣಕ್ಕೋ ಎಂಬುದನ್ನೂ ನೋಡಬೇಕು. ಸಿಹಿ ಬಿಸ್ಕತ್ತಿನಲ್ಲೂ ಅಡುಗೆ ಸೋಡಾದ ಮೂಲಕ ಸೋಡಿಯಂ ಸೇರಿರುತ್ತದೆ.

ಚೀನಾದ 600 ಹಳ್ಳಿಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪ್ಪಿನ ಕಾಲು ಭಾಗದ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟಾಗ ಪಾರ್ಶ್ವವಾಯು ಶೇ 14ರಷ್ಟು ತಗ್ಗಿತು. ಪಾಲ್ಗೊಂಡವರು ಮೊದಲೇ ಪಾರ್ಶ್ವವಾಯು ಬಂದವರು, ಇಲ್ಲವೇ ಬಿಪಿ ಇದ್ದ ವಯಸ್ಸಾದವರು. ಆದರೆ ಕಿಡ್ನಿ ದುರ್ಬಲವಾಗಿರುವವರು, ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಮಾತ್ರೆ ನುಂಗುವವರು ಇಂಥ ಉಪ್ಪನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಇಂಥವರ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಬಹುದು, ಅದು ತೀರ ಏರಿದರೆ ಹೃದಯವೇ ನಿಲ್ಲಬಹುದು.

ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರ ವಿಷಯದಲ್ಲಿ ಗುರಿ ಸ್ಪಷ್ಟವಾಗಿದೆ: ತೂಕದಲ್ಲಿ ಶೇ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ಗುರಿಯಿಂದ ಮಧುಮೇಹ ಶೇ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ 31ರಷ್ಟು. ತಂಬಾಕಿನ ಬಗ್ಗೆ ಹೇಳಲು ಹೊಸದೇನಿಲ್ಲ. ಕಡಿಮೆ ಮಾಡಿದರೆ ಸಾಲದು, ಬಿಡಬೇಕು.

ಪರೀಕ್ಷೆಗಳೇ ಬೇಡವೆಂದಲ್ಲ. ಬಿಪಿ ಅಥವಾ ಶುಗರ್ ಇರುವವರು ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ಮತ್ತು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ನೋಡಿಸಲೇಬೇಕು. ಕಿಡ್ನಿ ಸೋಲುವ ಎಷ್ಟೋ ಮೊದಲೇ ಅದು ಎಚ್ಚರಿಸುತ್ತದೆ. ಯಾವ ತೊಂದರೆಯೂ ಇಲ್ಲದವರ ಮೇಲೆ ಸಿಕ್ಕಿದ್ದೆಲ್ಲ ಪರೀಕ್ಷೆ ಹೇರುವುದು ಬೇರೆ ಮಾತು. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರಿಗೂ ಥೈರಾಯ್ಡ್ ಸ್ಕ್ಯಾನಿಂಗ್ ವ್ಯಾಪಕವಾದ ಮೇಲೆ, 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟಾಯಿತು. ಆ ಕಾಯಿಲೆಯಿಂದಾದ ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಗಂಟಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜೀವಮಾನವಿಡೀ ಮಾತ್ರೆ ನುಂಗುವ ಸ್ಥಿತಿ ಅನೇಕರದಾಯಿತು.

ಆದ್ದರಿಂದ ಕ್ಲಿನಿಕ್ಕುಗಳಲ್ಲಿ ನಮ್ಮ ಬೇಡಿಕೆ ಇಷ್ಟೇ: ಬೆನ್ನಿಗೆ ಆಸರೆಯ ಕುರ್ಚಿ, ತೋಳಿಡಲು ಮೇಜು, ಕನಿಷ್ಠ ಎರಡು ಅಳತೆಯ ಪಟ್ಟಿ, ಬಂದ ಕೂಡಲೇ ಅಳೆಯದೆ ಐದು ನಿಮಿಷದ ವಿರಾಮ, ಮತ್ತು ಅಂಕಿಯನ್ನು ರೋಗಿಯ ಚೀಟಿಯಲ್ಲಿ ಬರೆದುಕೊಡುವುದು.