ಹಳೆಯ ರೇಸ್ ಗಡಿಯಾರಗಳ ಮುಖಕ್ಕೆ ಹೊಸ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ಪ್ರದರ್ಶನಗಳ ಸಚಿತ್ರ ವರದಿಗಳು ತಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತವೆ. ಎಂಜಿನ್, ಬಾಡಿ, ದೀಪಗಳು, ಸೀಟಿನ ಚರ್ಮ ಎಲ್ಲವೂ ಮೂಲದ್ದೇ ಎಂದು ಆ ಕಾರುಗಳ ಮಾಲೀಕರು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಓದುಗರು ಗಮನಿಸಿರಬಹುದು. ಕಾನೂನು ಕೂಡ ಅದನ್ನೇ ಬಯಸುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನವು ಮೂಲ ರೂಪದಲ್ಲೇ ಉಳಿದಿದ್ದು, ಅದರ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರದಿದ್ದರೆ ಮಾತ್ರ ಅದಕ್ಕೆ ವಿಂಟೇಜ್ ಮನ್ನಣೆಯೂ ‘ವಿಎ’ ಅಕ್ಷರಗಳುಳ್ಳ ನಂಬರ್ ಪ್ಲೇಟೂ ಸಿಗುತ್ತವೆ. ಆದರೆ ಅದೇ ಕಾರುಗಳ ಕಾಲದಲ್ಲಿ, ಅದೇ ರೇಸುಗಳ ಅಗತ್ಯಕ್ಕಾಗಿ ತಯಾರಾದ ಕೈಗಡಿಯಾರಗಳ ವಿಷಯದಲ್ಲಿ ನಮಗೆ ಈ ವಿವೇಕ ಇನ್ನೂ ಬಂದಿಲ್ಲ. ರಿಪೇರಿಯ ಹೆಸರಿನಲ್ಲಿ ಅವುಗಳ ಡಯಲ್ ಕೆರೆದು ಬಣ್ಣ ಬಳಿಯುವುದು, ಹೊರಕವಚವಾದ ಕೇಸನ್ನು ಉಜ್ಜಿ ಉಜ್ಜಿ ಅಂಚುಗಳನ್ನೇ ಕರಗಿಸುವುದು ನಮ್ಮಲ್ಲಿ ತೀರಾ ಸಾಮಾನ್ಯವಾಗಿದೆ. ಈ ರೂಢಿ ನಿಲ್ಲಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಕಾರಿಗೂ ಗಡಿಯಾರಕ್ಕೂ ಇರುವ ನಂಟು ಜಾಹೀರಾತುಗಳಿಂದ ಹುಟ್ಟಿದ್ದಲ್ಲ. ಸ್ವಿಟ್ಜರ್ಲೆಂಡಿನ ಹ್ಯೂಯರ್ ಕಂಪನಿ 1911ರಲ್ಲೇ ಕಾರು ಮತ್ತು ವಿಮಾನಗಳ ಡ್ಯಾಶ್‌ಬೋರ್ಡಿಗೆ ಕೂರಿಸುವ ಗಡಿಯಾರ ಮಾಡಿತ್ತು. 1933ರಲ್ಲಿ ಅದೇ ಕಂಪನಿ ಆಟೊಮೊಬೈಲ್ ಮತ್ತು ಏವಿಯೇಷನ್ ಎಂಬ ಎರಡು ಪದಗಳನ್ನು ಕೂಡಿಸಿ ‘ಆಟಾವಿಯಾ’ ಎಂಬ ಹೆಸರಿನ ಡ್ಯಾಶ್‌ಬೋರ್ಡ್ ಟೈಮರ್ ತಂದಿತು. ಆ ಮನೆತನದ ಜ್ಯಾಕ್ ಹ್ಯೂಯರ್ ಅವರು 1958ರಲ್ಲಿ ಒಂದು ರ‍್ಯಾಲಿಯಲ್ಲಿ ಸಹಚಾಲಕರಾಗಿ ಕುಳಿತಿದ್ದಾಗ, ತಮ್ಮದೇ ಕಂಪನಿಯ ಆ ಟೈಮರನ್ನು ಒಂದು ನಿಮಿಷ ತಪ್ಪಾಗಿ ಓದಿ, ಗೆಲ್ಲಬೇಕಿದ್ದ ತಂಡ ಮೂರನೆಯ ಸ್ಥಾನಕ್ಕೆ ಇಳಿಯಿತು. ಓಡುವ ಕಾರಿನಲ್ಲಿ ಒಂದೇ ನೋಟಕ್ಕೆ ಓದಲಾಗದ ಡಯಲ್ ನಿಷ್ಪ್ರಯೋಜಕ ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು. ಡ್ಯಾಶ್‌ಬೋರ್ಡಿನ ಆಟಾವಿಯಾ ತಯಾರಿಕೆ ನಿಂತು, 1962ರಲ್ಲಿ ಅದೇ ಹೆಸರು ಕೈಗೆ ಕಟ್ಟುವ ಕ್ರೋನೋಗ್ರಾಫಿಗೆ, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ಗಡಿಯಾರಕ್ಕೆ, ಬಂತು. ಮರುವರ್ಷ ಬಂದ ಅದೇ ಕಂಪನಿಯ ಕೈಗಡಿಯಾರ ‘ಕರೇರಾ’ಕ್ಕೆ ಹೆಸರು ಸಿಕ್ಕಿದ್ದು 1950ರಿಂದ 1954ರವರೆಗೆ ಮೆಕ್ಸಿಕೊದ ಸಾರ್ವಜನಿಕ ರಸ್ತೆಗಳಲ್ಲಿ ನಡೆದ ಕರೇರಾ ಪ್ಯಾನಮೆರಿಕಾನಾ ಎಂಬ ಅಪಾಯಕಾರಿ ರೇಸಿನಿಂದ. ಪೋರ್ಷೆ ಕಂಪನಿಯ ಕರೇರಾ ಕಾರುಗಳೂ ಅದೇ ರೇಸಿನ ಹೆಸರನ್ನೇ ಹೊತ್ತಿವೆ.

ಆ ಮೊದಲ ಕರೇರಾದ ಡಯಲನ್ನು ಹತ್ತಿರದಿಂದ ನೋಡಿದವರಿಗೆ ನನ್ನ ಕಳವಳ ಬೇಗ ಅರ್ಥವಾಗುತ್ತದೆ. ಪ್ಲಾಸ್ಟಿಕ್ ಗಾಜನ್ನು ಕೇಸಿಗೆ ಬಿಗಿಯಾಗಿ ಹಿಡಿದಿಡಲು ಅದರ ಒಳಗೊಂದು ತೆಳುವಾದ ಉಕ್ಕಿನ ಬಳೆಯಿದೆ. ಸೆಕೆಂಡಿನ ಐದನೇ ಒಂದು ಭಾಗವನ್ನು ತೋರಿಸುವ ಸಣ್ಣ ಗೆರೆಗಳನ್ನು ಜ್ಯಾಕ್ ಹ್ಯೂಯರ್ ಡಯಲಿನ ಮೇಲೆ ಮುದ್ರಿಸದೆ ಆ ಬಳೆಯ ಮೇಲೆ ಮುದ್ರಿಸಿದರು. ಇದರಿಂದ ಡಯಲ್ ಮೇಲಿನ ಗದ್ದಲ ಕಡಿಮೆಯಾಗಿ, ಗಂಟೆಯ ಗುರುತುಗಳು, ಮೂರು ಚಿಕ್ಕ ಉಪಡಯಲ್‌ಗಳು ಮತ್ತು ಮುಳ್ಳುಗಳು ಮಾತ್ರ ಕಣ್ಣಿಗೆ ಬೀಳುವಂತಾಯಿತು. ಆ ಉಪಡಯಲ್‌ಗಳು ತುಸು ಒಳಕ್ಕೆ ತಗ್ಗಿಸಿದಂತಿದ್ದು, ಅವುಗಳಲ್ಲಿ ಕೂದಲಿಗಿಂತ ಸಣ್ಣ ವೃತ್ತಾಕಾರದ ಗೀರುಗಳಿವೆ. ಬೆಳಕು ಬಿದ್ದಾಗ ಅವು ಸುತ್ತಿನ ಡಯಲಿನಿಂದ ಬೇರೆಯಾಗಿ ಹೊಳೆಯುತ್ತವೆ. ಕೆಲವು ಮಾದರಿಗಳ ಡಯಲ್ ಅಂಚಿನಲ್ಲಿ ವೇಗ ಅಳೆಯುವ ಟ್ಯಾಕಿಮೀಟರ್ ಅಂಕಿಗಳಿವೆ. ರಸ್ತೆ ಬದಿಯ ಒಂದು ಕಿಲೋಮೀಟರ್ ಕಲ್ಲನ್ನು ದಾಟುವಾಗ ಗುಂಡಿ ಒತ್ತಿ, ಮುಂದಿನ ಕಲ್ಲು ಬಂದಾಗ ಮತ್ತೆ ಒತ್ತಿದರೆ, ಮುಳ್ಳು ನಿಂತ ಕಡೆ ಇರುವ ಅಂಕಿಯೇ ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ವೇಗ. 45 ಸೆಕೆಂಡಾದರೆ 80, 30 ಸೆಕೆಂಡಾದರೆ 120. ಈ ಅಂಕಿ ಒಂದು ಕೂದಲೆಳೆಯಷ್ಟು ಸರಿದು ಕುಳಿತರೂ ಉಪಕರಣ ಸುಳ್ಳು ಹೇಳುತ್ತದೆ. ಕುಂಚ ಹಿಡಿದೋ ರಬ್ಬರ್ ಅಚ್ಚು ಒತ್ತಿಯೋ ಡಯಲಿಗೆ ಮರುಬಣ್ಣ ಕೊಡುವವರು ಕೆಡಿಸುವುದು ಅಂದವನ್ನು ಮಾತ್ರವಲ್ಲ, ಅಳತೆಯನ್ನೂ.

ನನ್ನ ಪರಿಚಿತರೊಬ್ಬರ ತಂದೆ ಎಂಜಿನಿಯರಾಗಿ ಜರ್ಮನಿಯಲ್ಲಿದ್ದಾಗ, 1960ರ ದಶಕದ ಕೊನೆಯಲ್ಲಿ ಕೊಂಡ ಇಂಥದೊಂದು ಕರೇರಾ ಅವರ ಮನೆಯಲ್ಲಿದೆ. ಬಹಳ ಕಾಲ ನಿಂತೇ ಇದ್ದ ಅದನ್ನು ಅವರು ರಿಪೇರಿಗೆ ಕೊಟ್ಟರು. ಅಂಗಡಿಯವರು ದ್ರೋಹ ಬಗೆದರೆಂದು ನಾನು ಹೇಳುವುದಿಲ್ಲ. ಗಿರಾಕಿಗೆ ಸಂತೋಷವಾಗಲಿ ಎಂಬ ಭಾವನೆಯಿಂದಲೇ ಅವರು ಡಯಲನ್ನು ‘ಹೊಸದು’ ಮಾಡಿದ್ದರು. ಭೂತಗನ್ನಡಿ ಹಿಡಿದು ನೋಡಿದರೆ ಉಪಡಯಲ್‌ಗಳ ಗೀರುಗಳು ಬಣ್ಣದಲ್ಲಿ ಮುಚ್ಚಿಹೋಗಿದ್ದವು. ಹೆಸರಿನ ಅಕ್ಷರಗಳ ಅಂಚು ಮಸಿ ಹರಡಿದಂತೆ ದಪ್ಪಗಾಗಿತ್ತು. ಆರು ಗಂಟೆಯ ಗುರುತಿನ ಕೆಳಗೆ, ಮುಳ್ಳುಗಳಿಗೆ ಹಚ್ಚಿದ್ದು ಕತ್ತಲೆಯಲ್ಲಿ ಹೊಳೆಯಿಸುವ ಟ್ರಿಟಿಯಂ ಎಂದು ತಿಳಿಸುವ ‘ಟಿ’ ಅಕ್ಷರ ಮಾಯವಾಗಿತ್ತು. ಒಳಬಳೆಯ ಗೆರೆಗಳು ತೊಳೆಯುವಾಗಲೇ ಅಳಿಸಿಹೋಗಿದ್ದವು. ಪಟ್ಟಿ ಸಿಕ್ಕಿಸುವ ಕೊಂಬುಗಳ ಚೂಪಾದ ಮೂಲೆಗಳು ಬಫಿಂಗ್ ಚಕ್ರಕ್ಕೆ ಸಿಕ್ಕಿ ಸಾಬೂನಿನ ತುಂಡಿನ ಹಾಗೆ ಗುಂಡಗಾಗಿದ್ದವು. ಗಡಿಯಾರ ಓಡುತ್ತಿತ್ತು, ನಿಜ. ಆದರೆ ಓಡಿಸಲು ಈ ಯಾವ ಕೆಲಸವೂ ಬೇಕಿರಲಿಲ್ಲ.

ಬೇಕಿದ್ದ ಕೆಲಸವೇ ಬೇರೆ, ಮತ್ತು ಅದು ಹೆಚ್ಚು ಕಷ್ಟದ್ದು. ಮೂರು ಉಪಡಯಲ್‌ಗಳ ಆ ಕರೇರಾದೊಳಗೆ ಇರುವುದು ವಾಲ್ಜೂ 72 ಎಂಬ, ಕೀ ಕೊಟ್ಟು ಓಡಿಸುವ ಯಂತ್ರ. ರೋಲೆಕ್ಸ್ ಕಂಪನಿಯ ಡೇಟೋನಾ ಎಂಬ ಕ್ರೋನೋಗ್ರಾಫಿನ ಮೊದಲ ಮಾದರಿಗಳಲ್ಲೂ ಅದೇ ಯಂತ್ರದ ರೂಪವಿತ್ತು. ಗಂಟೆಗೆ 18,000 ಬಾರಿ ಮಿಡಿಯುವ ಈ ಯಂತ್ರದಲ್ಲಿ ಕ್ರೋನೋಗ್ರಾಫನ್ನು ಶುರುಮಾಡುವ, ನಿಲ್ಲಿಸುವ ಕೆಲಸವನ್ನು ಕೋಟೆಯ ಬುರುಜಿನ ಆಕಾರದ ಒಂದು ಪುಟ್ಟ ಚಕ್ರ ನಿಯಂತ್ರಿಸುತ್ತದೆ. ವರ್ಷಗಟ್ಟಲೆ ನಿಂತ ಗಡಿಯಾರದಲ್ಲಿ ಎಣ್ಣೆ ಗೋಂದಿನಂತಾಗಿ ಅಂಟಿಕೊಂಡಿರುತ್ತದೆ; ಆ ಸ್ಥಿತಿಯಲ್ಲಿ ಕೀ ಕೊಟ್ಟು ಓಡಿಸಿದರೆ ಚಕ್ರಗಳ ಸೂಜಿಮೊನೆಯಂಥ ಅಚ್ಚುಗಳು ಸವೆಯುತ್ತವೆ. ಆದ್ದರಿಂದ ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದ ಅಚ್ಚುಗಳನ್ನು ಲೇತಿನಲ್ಲಿ ಸರಿಪಡಿಸಿ, ಜಾಗಕ್ಕೆ ತಕ್ಕ ಎಣ್ಣೆಯನ್ನು ತಕ್ಕಷ್ಟೇ ಬಿಟ್ಟು ಜೋಡಿಸಬೇಕು. ಹಳೆಯ ಉಕ್ಕಿನ ಸ್ಪ್ರಿಂಗ್ ತೆಗೆದು ಹೊಸ ಮಿಶ್ರಲೋಹದ ಸ್ಪ್ರಿಂಗ್ ಹಾಕಿದರೆ, ಗೀಚಿದ ಗಾಜನ್ನೂ ನೀರು ತಡೆಯುವ ರಬ್ಬರ್ ಉಂಗುರವನ್ನೂ ಬದಲಿಸಿದರೆ ಯಾವ ಸಂಗ್ರಾಹಕರೂ ಆಕ್ಷೇಪಿಸುವುದಿಲ್ಲ. ಅವು ಸವೆಯಲೆಂದೇ ಮಾಡಿದ ಭಾಗಗಳು. ಡಯಲ್, ಮುಳ್ಳು, ಕೇಸಿನ ಅಂಚು ಹಾಗಲ್ಲ. ಅವು ಒಮ್ಮೆ ಹೋದರೆ ಹೋದಂತೆಯೇ. ಯಂತ್ರಕ್ಕೆ ಪೂರ್ಣ ಚಿಕಿತ್ಸೆ, ಮುಖಕ್ಕೆ ಕೇವಲ ಧೂಳು ಒರೆಸುವಷ್ಟು ಆರೈಕೆ: ಪುನರುಜ್ಜೀವನವೆಂದರೆ ಇಷ್ಟೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಪೋರ್ಷೆ 911 ಕಾರಿನ ವಿನ್ಯಾಸಕ ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಷೆ 1972ರಲ್ಲಿ ಸ್ವಂತ ವಿನ್ಯಾಸ ಸಂಸ್ಥೆ ಆರಂಭಿಸಿ ರೂಪಿಸಿದ ಕ್ರೋನೋಗ್ರಾಫಿಗೂ ಇದೇ ಮಾತು ಅನ್ವಯಿಸುತ್ತದೆ. ಆರ್ಫಿನಾ ಕಂಪನಿ ತಯಾರಿಸಿದ ಆ ಗಡಿಯಾರದ ಕೇಸು, ಪಟ್ಟಿ, ಡಯಲ್ ಎಲ್ಲವೂ ಮಾಸಲು ಕಪ್ಪು, ಗುರುತುಗಳು ಬಿಳಿ. ಕಾರಿನ ಡ್ಯಾಶ್‌ಬೋರ್ಡಿನ ಮೀಟರುಗಳು ಪ್ರತಿಫಲನವಿಲ್ಲದೆ ಕಾಣುವಂತೆಯೇ ಇದೂ ಕಾಣಬೇಕೆಂಬುದು ವಿನ್ಯಾಸಕನ ಆಶಯ. ವರ್ಷಗಳ ಬಳಕೆಯಲ್ಲಿ ಅಂಚುಗಳ ಕಪ್ಪು ಸವೆದು ಒಳಗಿನ ಉಕ್ಕು ಬೆಳ್ಳಗೆ ಇಣುಕುತ್ತದೆ. ಅದಕ್ಕೆ ಮತ್ತೆ ಕಪ್ಪು ಲೇಪ ಹಾಕಿಸುವವರಿದ್ದಾರೆ. ದಯವಿಟ್ಟು ಹಾಕಿಸಬಾರದು, ಆ ಸವೆತ ಅದನ್ನು ಕಟ್ಟಿದ ಕೈಯ ಗುರುತು.

ಹೆಸರುಗಳಿಗೆ ಬೆಲೆ ಬಂದಂತೆ ಮೋಸವೂ ಬೆಳೆದಿದೆ. ನಟನೂ ರೇಸ್ ಚಾಲಕನೂ ಆಗಿದ್ದ ಪಾಲ್ ನ್ಯೂಮನ್‌ಗೆ ಪತ್ನಿ ಕೊಟ್ಟಿದ್ದ, ಜೋಪಾನವಾಗಿ ಗಾಡಿ ಓಡಿಸು ಎಂಬರ್ಥದ ಮಾತನ್ನು ಬೆನ್ನಿಗೆ ಕೆತ್ತಿಸಿದ್ದ ಡೇಟೋನಾ, 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಫೆರಾರಿ ತಂಡದೊಂದಿಗೆ 1971ರಿಂದ 1979ರವರೆಗೆ ಒಪ್ಪಂದವಿದ್ದಾಗ ಹ್ಯೂಯರ್ ಕಂಪನಿ ಆ ತಂಡದ ಚಾಲಕರಿಗೆ, ಬೆನ್ನಿನ ಮೇಲೆ ಅವರ ಹೆಸರು ಮತ್ತು ರಕ್ತದ ಗುಂಪು ಕೆತ್ತಿಸಿದ ಚಿನ್ನದ ಕರೇರಾಗಳನ್ನು ಕೊಡುತ್ತಿತ್ತು. ಇಂಥ ಕಥೆಗಳ ಬೆನ್ನು ಹತ್ತಿ ನಾಲ್ಕು ಗಡಿಯಾರಗಳ ಭಾಗಗಳನ್ನು ಸೇರಿಸಿ ಒಂದು ಮಾಡುವುದು, ಸಾಮಾನ್ಯ ಡಯಲಿಗೆ ಕಾರಿನ ಲಾಂಛನ ಅಚ್ಚೊತ್ತುವುದು ಈಗ ಒಂದು ದಂಧೆಯೇ ಆಗಿದೆ. ಮರುಬಣ್ಣವನ್ನು ಸಹಜವೆಂದು ಒಪ್ಪಿಕೊಂಡಲ್ಲೆಲ್ಲ ಈ ಕಲಬೆರಕೆಗೆ ಮರೆ ಸಿಗುತ್ತದೆ. ಎಲ್ಲವೂ ಹೊಸ ಬಣ್ಣವಾದಾಗ ಯಾವುದು ಯಾರದೆಂದು ಹೇಳುವುದು ಹೇಗೆ?

ಆರೋಗ್ಯದ ಮಾತೊಂದನ್ನೂ ಇಲ್ಲಿ ಹೇಳಲೇಬೇಕು. 1960ರ ದಶಕದ ಆರಂಭದವರೆಗಿನ ಅನೇಕ ಗಡಿಯಾರ ಮತ್ತು ಡ್ಯಾಶ್‌ಬೋರ್ಡ್ ಮೀಟರುಗಳ ಹೊಳೆಯುವ ಅಂಕಿಗಳಲ್ಲಿ ವಿಕಿರಣ ಸೂಸುವ ರೇಡಿಯಂ ಇದೆ. ಕತ್ತಲೆಯಲ್ಲಿ ಅವು ಈಗ ಹೊಳೆಯದಿರುವುದರಿಂದ ವಿಕಿರಣವೂ ಮುಗಿದಿದೆ ಎಂದು ಹಲವರು ಭಾವಿಸುತ್ತಾರೆ. ಹೊಳಪು ಕೊಡುತ್ತಿದ್ದ ರಾಸಾಯನಿಕ ಮಾತ್ರ ಸತ್ತಿರುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಆಮೇಲೆ ಬಂದ ಟ್ರಿಟಿಯಂಗಾದರೆ ಸುಮಾರು 12 ವರ್ಷ ಸಾಕು. ಮುಚ್ಚಿದ ಗಾಜಿನ ಒಳಗಿರುವಾಗ ರೇಡಿಯಂ ಡಯಲಿನಿಂದ ದೊಡ್ಡ ಅಪಾಯವಿಲ್ಲ, ಆದರೆ ಅದನ್ನು ಒಣಗಿದ್ದಂತೆಯೇ ಬ್ಲೇಡಿನಿಂದ ಕೆರೆದರೆ ಪುಡಿ ಉಸಿರಿನೊಳಕ್ಕೆ ಹೋಗುತ್ತದೆ. ಮುಖಕ್ಕೆ ಮಾಸ್ಕ್ ಕೂಡ ಇಲ್ಲದೆ, ಊಟದ ಡಬ್ಬಿ ಇಟ್ಟುಕೊಂಡ ಮೇಜಿನ ಮೇಲೆಯೇ ಈ ಕೆಲಸ ಮಾಡುವ ಕುಶಲಕರ್ಮಿಗಳ ಬಗ್ಗೆ ನನಗೆ ನಿಜಕ್ಕೂ ಭಯವಾಗುತ್ತದೆ.

ತಪ್ಪೆಲ್ಲ ರಿಪೇರಿಯವರದೇ ಎನ್ನುವುದು ಅನ್ಯಾಯ. ಅನೇಕ ಸ್ವಿಸ್ ಕಂಪನಿಗಳು ಸ್ವತಂತ್ರ ಕುಶಲಕರ್ಮಿಗಳಿಗೆ ಬಿಡಿಭಾಗಗಳನ್ನೇ ಕೊಡುವುದಿಲ್ಲ. 1969ರ ಮಾರ್ಚಿನಲ್ಲಿ ಹ್ಯೂಯರ್, ಬ್ರೈಟ್ಲಿಂಗ್, ಹ್ಯಾಮಿಲ್ಟನ್-ಬ್ಯೂರೆನ್ ಮತ್ತು ಡ್ಯುಬುವಾ ದೆಪ್ರಾ ಕಂಪನಿಗಳು ಸೇರಿ ತಂದ ಕ್ಯಾಲಿಬರ್ 11 ಎಂಬ ಸ್ವಯಂಚಾಲಿತ ಕ್ರೋನೋಗ್ರಾಫ್ ಯಂತ್ರಕ್ಕೆ, ಹ್ಯೂಯರ್ ಕಂಪನಿಯ ಚೌಕ ಆಕಾರದ ‘ಮೊನಾಕೊ’ದಲ್ಲಿ ಇರುವ ಯಂತ್ರಕ್ಕೆ, ಇಂದು ಒಂದು ಚಿಕ್ಕ ಸನ್ನೆಪಟ್ಟಿ ಬೇಕಾದರೂ ಇನ್ನೊಂದು ಸತ್ತ ಗಡಿಯಾರವನ್ನು ಹುಡುಕಿ ಬಿಚ್ಚಬೇಕಾಗುತ್ತದೆ. ಉಳಿಸಿಡುವ ಮನಸ್ಸಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ವರ್ಷದ ಮತ್ತೊಂದು ಯಂತ್ರ ಸಾಕ್ಷಿ. ಕ್ವಾರ್ಟ್ಜ್ ಗಡಿಯಾರಗಳ ಹೊಡೆತಕ್ಕೆ ಸ್ವಿಸ್ ಉದ್ಯಮ ಕುಸಿಯುತ್ತಿದ್ದ 1975ರ ಹೊತ್ತಿಗೆ, ಝೆನಿತ್ ಕಂಪನಿಯ ಅಮೆರಿಕನ್ ಮಾಲೀಕರು ಎಲ್ ಪ್ರಿಮೆರೊ ಎಂಬ ಆ ಯಂತ್ರದ ತಯಾರಿಕೆ ನಿಲ್ಲಿಸಿ ಅಚ್ಚು, ಉಪಕರಣಗಳನ್ನು ವಿಲೇವಾರಿ ಮಾಡಲು ಹೇಳಿದಾಗ, ಶಾರ್ಲ್ ವೆರ್ಮೊ ಎಂಬ ಕೆಲಸಗಾರರು ಅವನ್ನು ಲೆ ಲೋಕ್ಲ್ ಊರಿನ ಕಾರ್ಖಾನೆಯ ಅಟ್ಟದಲ್ಲಿ ಬಚ್ಚಿಟ್ಟು, ಪ್ರತಿ ಹಂತದ ವಿವರವನ್ನೂ ಬರೆದಿಟ್ಟರು. 1980ರ ದಶಕದಲ್ಲಿ ತಯಾರಿಕೆ ಮತ್ತೆ ಶುರುವಾದದ್ದು ಆ ಬರಹದ ಬಲದಿಂದ. 1988ರಲ್ಲಿ ಬಂದ ಹೊಸ ಡೇಟೋನಾ ಓಡಿದ್ದೂ ಆ ಯಂತ್ರದ ಆಧಾರದ ಮೇಲೆಯೇ.

ಕನ್ನಡಿಗರಾದ ನಮಗೆ ಈ ವಿಷಯ ದೂರದ್ದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದಾಗಿನಿಂದ, ಅಚ್ಚು ಕಡೆಯುವ, ಬ್ಯಾಲೆನ್ಸ್ ಚಕ್ರ ಹದಗೊಳಿಸುವ ಕೈಗಳು ಇಲ್ಲಿ ತಲೆಮಾರುಗಟ್ಟಲೆ ತಯಾರಾದವು. ತುಮಕೂರಿನಲ್ಲೂ ಕಾರ್ಖಾನೆಯಿತ್ತು. ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ಜನತಾ, ಪೈಲಟ್ ಮಾದರಿಗಳಿಗೆ ಬೇಡಿಕೆ ಏರಿ, ಮೂಲದಲ್ಲಿ ಇರದ ಬಣ್ಣಗಳ ಡಯಲ್‌ಗಳ ‘ಹಳೆಯ’ ಎಚ್‌ಎಂಟಿಗಳು ಆನ್‌ಲೈನ್ ಮಾರುಕಟ್ಟೆಯಲ್ಲಿ ತುಂಬಿಕೊಂಡಿವೆ. ಹ್ಯೂಯರ್‌ಗೆ ಆಗುತ್ತಿರುವ ಅನ್ಯಾಯವೇ ನಮ್ಮ ಮನೆಯ ಗಡಿಯಾರಕ್ಕೂ ಆಗುತ್ತಿದೆ. ಆ ಕಾರ್ಖಾನೆಗಳ ನಿವೃತ್ತ ಕುಶಲಕರ್ಮಿಗಳಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೈಯಲ್ಲಿ ಉಳಿದಿರುವ ವಿದ್ಯೆಯನ್ನು ನಮ್ಮ ಐಟಿಐಗಳು ಒಂದು ಸಣ್ಣ ಕೋರ್ಸಿನ ರೂಪದಲ್ಲಾದರೂ ಎಳೆಯರಿಗೆ ದಾಟಿಸಲು ಸಾಧ್ಯವಿಲ್ಲವೇ ಎಂದು ಸರ್ಕಾರವನ್ನು ಕೇಳುತ್ತೇನೆ.

ಹಳೆಯ ಕಾರುಗಳ ಪ್ರದರ್ಶನ ನಡೆಸುವ ಸಂಘಗಳು ಕಾರಿನ ಜೊತೆ ಅದರ ಕಾಲದ ಡ್ಯಾಶ್‌ಬೋರ್ಡ್ ಗಡಿಯಾರ ಮತ್ತು ಕೈಗಡಿಯಾರಗಳನ್ನೂ ಸೇರಿಸಿ, ಮರುಬಣ್ಣವಾದದ್ದನ್ನು ಮರುಬಣ್ಣವೆಂದೇ ಫಲಕದಲ್ಲಿ ಬರೆಯುವ ಕ್ರಮವನ್ನು ತರಬೇಕು. ತಂದೆಯದೋ ತಾತನದೋ ಗಡಿಯಾರವನ್ನು ರಿಪೇರಿಗೆ ಕೊಡುವ ಓದುಗರು ಮೊದಲು ಅದರ ಡಯಲ್, ಬೆನ್ನು, ಒಳಗಿನ ಯಂತ್ರಗಳ ಸ್ಪಷ್ಟ ಫೋಟೊ ತೆಗೆದುಕೊಳ್ಳಲಿ. ಡಯಲ್ ಮುಟ್ಟಬಾರದು, ಕೇಸು ಪಾಲಿಶ್ ಮಾಡಬಾರದು, ಬದಲಿಸಿದ ಹಳೆಯ ಭಾಗಗಳನ್ನೆಲ್ಲ ಪೊಟ್ಟಣದಲ್ಲಿ ಹಾಕಿ ಹಿಂದಿರುಗಿಸಬೇಕು ಎಂಬ ಮೂರು ಮಾತುಗಳನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಲಿ. ಇದಕ್ಕೆ ಒಪ್ಪದ ಅಂಗಡಿಯಿಂದ ಗಡಿಯಾರವನ್ನು ನಿಂತ ಸ್ಥಿತಿಯಲ್ಲೇ ವಾಪಸು ತರುವುದು ಮೇಲು. ನಿಂತ ಗಡಿಯಾರವನ್ನು ಮುಂದೆ ಯಾರಾದರೂ ಓಡಿಸಬಲ್ಲರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಮೈಸೂರು